ಹಳದಿ ತೇಪೆ

ನಮ್ಮ ಓಣಿಗೆ ಒಂಬತ್ತು ದಿನಕ್ಕೊಮ್ಮೆ ನೀರು. ಮೈದಾನಕ್ಕೆ ದಿನಕ್ಕೆ ಹನ್ನೊಂದು ಟ್ಯಾಂಕರ್. ಎರಡರ ನಡುವೆ ಇದ್ದದ್ದು ಒಂದು ಗೋಡೆ. ಗೋಡೆಯ ಆ ಕಡೆ ನಾನು ದುಡಿಯುತ್ತಿದ್ದೆ, ಈ ಕಡೆ ಮಲಗುತ್ತಿದ್ದೆ.

ಮಳೆ ಕೈಕೊಟ್ಟು ಅದು ಮೂರನೇ ವರ್ಷ. ಓಣಿಯ ಕೈಪಂಪು ಒತ್ತಿದರೆ ಮೊದಲು ಕೆಂಪು ನೀರು ಬರುತ್ತಿತ್ತು, ಆಮೇಲೆ ಗಾಳಿ ಬಂತು, ಆಮೇಲೆ ಅದೂ ಬರಲಿಲ್ಲ. ಪಾತ್ರೆಗಳನ್ನು ಬೂದಿಯಲ್ಲಿ ಒರೆಸಿ ಇಡುತ್ತಿದ್ದೆವು. ಮುಖ ತೊಳೆದ ನೀರಲ್ಲಿ ಕಾಲು, ಕಾಲು ತೊಳೆದ ನೀರಲ್ಲಿ ಬಟ್ಟೆ. ಎದುರು ಮನೆಯ ಬಾಣಂತಿಯ ಮೈ ತೊಳೆಯಲು ಅರ್ಧ ಬಿಂದಿಗೆ ಒಟ್ಟುಮಾಡಬೇಕಾದರೆ ನಾಲ್ಕು ಮನೆ ತಿರುಗಬೇಕಾಯಿತು. ಕೊಡದವರನ್ನು ಯಾರೂ ಬೈಯಲಿಲ್ಲ.

ಮೈದಾನ ಮಾತ್ರ ಹಸಿರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಆ ಮಲ್ಲಿಗೆಗೆ ನೀರು ಹಾಕುವವಳು ನಾನು.

ನನ್ನ ಮುಖ್ಯ ಕೆಲಸ ಪಿಚ್ಚಿನದು. ಮೈದಾನದ ನಟ್ಟನಡುವಿನ ಇಪ್ಪತ್ತೆರಡು ಗಜದ ಮಣ್ಣು. ಅದಕ್ಕೆ ನೀರು ಕುಡಿಸಬೇಕು, ರೋಲರ್ ಎಳೆಯಬೇಕು, ಒಣಗಿಸಬೇಕು, ಮತ್ತೆ ಎಳೆಯಬೇಕು. ಮೋಟಾರ್ ರೋಲರ್ ಇತ್ತು. ಎಣ್ಣೆ ತೊಟ್ಟಿಕ್ಕಿ ಮಣ್ಣು ಕೆಡುತ್ತದೆ ಎಂದು ಅದನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಕಬ್ಬಿಣದ ಹಳೇ ರೋಲರನ್ನು ನಾಲ್ಕು ಜನ ಹೆಂಗಸರ ಕೈಗೆ ಕೊಟ್ಟಿದ್ದರು. ನಮ್ಮ ಹೆಗಲಿನಿಂದ ರಕ್ತ ತೊಟ್ಟಿಕ್ಕಿದರೆ ಮಣ್ಣು ಕೆಡುವುದಿಲ್ಲ ಎಂದು ಯಾರೋ ಲೆಕ್ಕ ಹಾಕಿರಬೇಕು. ಹಗ್ಗ ಉಜ್ಜಿ ಉಜ್ಜಿ ನನ್ನ ಎಡಹೆಗಲಿನ ಚರ್ಮ ಎಮ್ಮೆಯ ಕತ್ತಿನ ಹಾಗೆ ದಪ್ಪಗಾಗಿತ್ತು. ಅದನ್ನು ಚಿವುಟಿದರೂ ನನಗೆ ನೋವಾಗುತ್ತಿರಲಿಲ್ಲ.

ಆದರೆ ಸುಳ್ಳು ಯಾಕೆ ಹೇಳಲಿ, ಕೆಲಸ ನನಗೆ ಇಷ್ಟ. ಹೆಬ್ಬೆರಳು ಒತ್ತಿದರೆ ಮಣ್ಣಿನಲ್ಲಿ ಎಷ್ಟು ತೇವ ಇದೆ, ಇನ್ನೆಷ್ಟು ದಿನ ಬೇಕು ಎಂದು ನಾನು ಹೇಳಬಲ್ಲೆ. ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿದರೆ ಚೆಂಡು ಎಲ್ಲಿ ಪುಟಿಯುತ್ತದೆ, ಎಲ್ಲಿ ಮಲಗುತ್ತದೆ ಎಂದು ಗೊತ್ತಾಗುತ್ತದೆ. ಇದನ್ನು ಯಾರೂ ಕಲಿಸಲಿಲ್ಲ. ಹನ್ನೆರಡು ವರ್ಷ ಬಗ್ಗಿ ಬಗ್ಗಿ ಬಂದದ್ದು. ಕ್ಲಬ್ಬಿನ ಸೆಕ್ರೆಟರಿ ನನ್ನನ್ನು ‘ಡಾಕ್ಟರಮ್ಮ’ ಎಂದು ಕರೆಯುತ್ತಿದ್ದ. ಮಣ್ಣಿನ ನಾಡಿ ನೋಡುವ ಡಾಕ್ಟರಮ್ಮ. ಹಾಗೆ ಕರೆದಾಗ ನನಗೆ ಒಳಗೊಳಗೇ ಖುಷಿ. ಆ ಖುಷಿಯ ಮೇಲೆ ಈಗ ನಾನು ಉಗಿಯುತ್ತೇನೆ.

ಮನೆಯಲ್ಲಿ ಮೂವರು. ಅಕ್ಕ, ಭಾವ, ನಾನು. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ನನ್ನ ತಲೆ ಬಾಚಿದವಳು, ನನ್ನನ್ನು ಏಳನೇ ತರಗತಿಯವರೆಗೆ ಓದಿಸಿದವಳು, ಮದುವೆಯಾಗುವಾಗ ಭಾವನಿಗೆ “ಇವಳೂ ನನ್ನ ಜೊತೆ ಬರ್ತಾಳೆ, ಒಪ್ಪಿಗೆ ಇದ್ರೆ ನೋಡಿ” ಎಂದವಳು. ಇಟ್ಟಿಗೆ ಗೂಡಿನಲ್ಲಿ ಹೊರುವ ಕೆಲಸ ಮಾಡುತ್ತಿದ್ದಳು. ಜೇಡಿ ಕಲಸಲು ನೀರಿಲ್ಲ ಎಂದು ಗೂಡು ಮುಚ್ಚಿತು. ಅಲ್ಲಿಂದ ಮನೆಯಲ್ಲೇ ಇದ್ದಳು.

ಮನೆಯಲ್ಲಿದ್ದವಳು ಎರಡು ದಿನಕ್ಕೊಮ್ಮೆ ಒಂದು ಬಿಂದಿಗೆ ನೀರು ತರತೊಡಗಿದಳು. ತಿಳಿನೀರು.

“ಎಲ್ಲಿಂದ ಬಂತೇ ಇದು?” ಎಂದು ಕೇಳಿದೆ.

“ಟ್ಯಾಂಕರ್ ಡ್ರೈವರ್ ಒಬ್ಬ ಕೊಡ್ತಾನೆ. ಪಾಪ, ಒಳ್ಳೆಯೋನು.”

“ಸುಮ್ಸುಮ್ನೆ ಕೊಡ್ತಾನಾ?”

“ನನ್ನ ಈ ಮುಖ ನೋಡಿ ಇನ್ನೇನು ಕೇಳ್ತಾನೆ? ಕುಡಿ ಸುಮ್ನೆ.”

ನಕ್ಕೆ. ಕುಡಿದೆ. ಅರ್ಧ ಬಿಂದಿಗೆ ಬಾಣಂತಿಗೆ ಹೋಗುತ್ತಿತ್ತು, ಅರ್ಧ ನಮಗೆ. ಹತ್ತು ಹನ್ನೆರಡು ದಿನ ಹೀಗೆ ನಡೆಯಿತು.

ಆ ಹೊತ್ತಿಗೆ ದೊಡ್ಡ ಪಂದ್ಯ ಹತ್ತಿರ ಬಂದಿತ್ತು. ಹೊರಗಿನ ತಂಡ ಬರುವುದಿತ್ತು, ಇಪ್ಪತ್ತು ಸಾವಿರ ಜನ, ಟಿವಿಯವರು. ನಾನು ದಿನಾ ಬೆಳಿಗ್ಗೆ ಮೈದಾನವನ್ನು ಸುತ್ತು ಹಾಕುತ್ತಿದ್ದೆ. ಒಂದು ದಿನ ಗೋಡೆಯ ಬದಿಯಲ್ಲಿ, ಕೊನೆಯ ಸ್ಪ್ರಿಂಕ್ಲರಿನ ಆಚೆ, ಹುಲ್ಲು ಹಳದಿ ತಿರುಗಿದ್ದು ಕಂಡಿತು. ಒಂದು ಚಾಪೆಯಷ್ಟು ಅಗಲ. ಹಸಿರು ಬಟ್ಟೆಗೆ ಹಾಕಿದ ತೇಪೆಯ ಹಾಗೆ. ನನ್ನ ಮೈ ಉರಿಯಿತು. ಬಗ್ಗಿ ನೋಡಿದೆ. ಸ್ಪ್ರಿಂಕ್ಲರಿನ ತಲೆಯನ್ನು ಯಾರೋ ತಿರುಗಿಸಿ ಬಿಚ್ಚಿ ಮತ್ತೆ ಕೂರಿಸಿದ್ದರು. ಸರಿಯಾಗಿ ಬಿಗಿಯಾಗಿರಲಿಲ್ಲ. ಹಾಗಾಗಿ ನೀರು ದೂರಕ್ಕೆ ಚಿಮ್ಮುತ್ತಿರಲಿಲ್ಲ. ಪೈಪಿನಲ್ಲಿ ನಿಂತ ನೀರನ್ನು ಯಾರೋ ಕದಿಯುತ್ತಿದ್ದರು. ಕೆಳಗಿನ ಕೆಸರು ನೋಡಿದರೆ, ಬೆಳಿಗ್ಗೆ ಅಲ್ಲ, ಸಂಜೆ ಅಲ್ಲ, ನಡುಮಧ್ಯಾಹ್ನ, ಕಾವಲಿನವರು ಊಟಕ್ಕೆ ಕೂತಾಗ.

ಇಷ್ಟನ್ನೂ ನಾನೇ ಕಂಡುಹಿಡಿದೆ. ಪೊಲೀಸು ನಾಯಿಗೂ ಆಗುತ್ತಿರಲಿಲ್ಲ. ನೇರ ಸೆಕ್ರೆಟರಿಯ ಕೋಣೆಗೆ ಹೋಗಿ ಹೇಳಿದೆ.

“ಸಾರ್, ಗೋಡೆ ಪಕ್ಕದ ಕೊನೇ ಸ್ಪ್ರಿಂಕ್ಲರ್. ಮಧ್ಯಾಹ್ನ ಒಂದೂವರೆ ಎರಡರ ಒಳಗೆ ಯಾರೋ ಬರ್ತಿದ್ದಾರೆ. ಹುಲ್ಲು ಸಾಯ್ತಿದೆ ಸಾರ್.”

“ನೋಡಿದ್ರಾ, ಇದಕ್ಕೇ ಡಾಕ್ಟರಮ್ಮ ಬೇಕು ಅನ್ನೋದು,” ಎಂದು ಸೆಕ್ರೆಟರಿ ಎದುರಿಗೆ ಕೂತಿದ್ದವರಿಗೆ ಹೇಳಿದ. ಕೂತಿದ್ದವರು ಅಂಕಣದ ಸಾಹೇಬರು. ಪ್ರತಿ ಭಾನುವಾರ ಪೇಪರಿನಲ್ಲಿ ಅರ್ಧ ಪುಟ ಅವರದ್ದೇ. ಬರ, ಬೆಳೆ, ಪೇಟೆ, ಆಟ, ಪ್ರವಾಸ, ಎಲ್ಲದರ ಬಗ್ಗೆಯೂ ವಾರಕ್ಕೊಮ್ಮೆ ಚಿಂತಿಸುವ ಮನುಷ್ಯ. ಕ್ಲಬ್ಬಿನ ಜಗುಲಿಯಲ್ಲಿ ಫ್ಯಾನಿನ ಕೆಳಗೆ ಕೂತು ಚಿಂತಿಸುತ್ತಿದ್ದರು. ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿ ಏನೋ ಬರೆದುಕೊಂಡರು.

ಗುರುವಾರ. ರೋಲರ್ ಶೆಡ್ಡಿನಲ್ಲಿ ನಾನು, ಕುಳ್ಳಿ ಊಟಕ್ಕೆ ಕೂತಿದ್ದೆವು. ಕುಳ್ಳಿ ನನ್ನ ಜೊತೆ ಹಗ್ಗ ಎಳೆಯುವವಳು. ಎತ್ತರ ಸಾಲದೆ ಅವಳ ಪಾಲಿನ ಭಾರ ನನ್ನ ಹೆಗಲಿಗೆ ಬರುತ್ತಿತ್ತು, ಬಾಯಿ ಮಾತ್ರ ಅವಳದು ಇಬ್ಬರಿಗಾಗುವಷ್ಟು.

ಗೋಡೆಯ ಕಡೆಯಿಂದ ಸದ್ದು ಬಂತು. ಬಿಂದಿಗೆ ಕಲ್ಲಿಗೆ ಬಿದ್ದ ಸದ್ದು. ಆಮೇಲೆ ಲಾಠಿಯ ಸದ್ದು. ಮೆತ್ತಗಿನ ಜಾಗಕ್ಕೆ ಬಿದ್ದರೆ ಒಂದು ಥರ, ಮೂಳೆಗೆ ಬಿದ್ದರೆ ಇನ್ನೊಂದು ಥರ. ಎರಡೂ ಕೇಳಿಸಿತು.

“ಸಿಕ್ಕಿಬಿದ್ರು ಅಂತ ಕಾಣುತ್ತೆ ನಿನ್ನ ಕಳ್ಳರು,” ಎಂದಳು ಕುಳ್ಳಿ.

“ಬೀಳ್ಲಿ ನಾಲ್ಕು. ಬುದ್ಧಿ ಬರುತ್ತೆ,” ಎಂದೆ.

ಎಂದೆ. ಇದೇ ಬಾಯಿಂದ ಎಂದೆ. ತುತ್ತು ಬಾಯಲ್ಲಿತ್ತು, ಅದನ್ನು ನುಂಗಿ ಇನ್ನೊಂದು ಇಟ್ಟುಕೊಂಡೆ. ಡಬ್ಬಿ ಖಾಲಿಯಾಗುವ ತನಕ ಸದ್ದು ಕೇಳುತ್ತಲೇ ಇತ್ತು. ನಾನು ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, ಕಳ್ಳಿಯ ಮುಖ ನೋಡೋಣ ಎಂದು ನಡೆದುಕೊಂಡು ಹೋದೆ. ಓಡಲಿಲ್ಲ.

ಅಕ್ಕ ಹಳದಿ ಹುಲ್ಲಿನ ಮೇಲೆ ಮಲಗಿದ್ದಳು. ಕಿವಿಯಿಂದ ರಕ್ತ ಬರುತ್ತಿತ್ತು. ಬಲಗಾಲು ಇರಬೇಕಾದ ಹಾಗೆ ಇರಲಿಲ್ಲ. ಬಿಂದಿಗೆ ಉರುಳಿ ನೀರೆಲ್ಲ ಚೆಲ್ಲಿ, ಹುಲ್ಲು ಅದನ್ನು ಕುಡಿಯುತ್ತಿತ್ತು. ಕಾವಲಿನ ಮೇಸ್ತ್ರಿ, ಮೀಸೆ ಎಂದು ನಾವು ಕರೆಯುತ್ತಿದ್ದವನು, ಲಾಠಿಯನ್ನು ಹುಲ್ಲಿಗೆ ಒರೆಸುತ್ತಿದ್ದ. ಅವನ ಜೊತೆ ಇನ್ನಿಬ್ಬರು ಏದುಸಿರು ಬಿಡುತ್ತಿದ್ದರು. ಅವರಿಗೂ ಸುಸ್ತಾಗಿತ್ತು.

“ಬಾ ಡಾಕ್ಟರಮ್ಮ. ನೀನು ಹೇಳಿದ ಟೈಮಿಗೆ ಕರೆಕ್ಟಾಗಿ ಬಂದ್ಲು ನೋಡು ನಿನ್ನ ಕಳ್ಳಿ,” ಎಂದ ಮೀಸೆ.

ಅಕ್ಕನಿಗೆ ಆಗ ಇನ್ನೂ ಪ್ರಜ್ಞೆ ಇತ್ತು. ಅವನ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅವಳ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ತುಟಿ ಅಲ್ಲಾಡಿತು. ಕಿವಿ ಹತ್ತಿರ ತಂದೆ.

“ಬಿಂದಿಗೆ ನೆಗ್ಗಿತಾ?” ಎಂದು ಕೇಳಿದಳು.

“ಇಲ್ಲಕ್ಕ. ಚೆನ್ನಾಗೇ ಇದೆ,” ಎಂದೆ. ನೆಗ್ಗಿ ಸೊಟ್ಟಗಾಗಿತ್ತು.

ಸೆಕ್ರೆಟರಿ ಕಾರು ಕೊಡಲಿಲ್ಲ, ಸೀಟಿಗೆ ರಕ್ತ ಆಗುತ್ತದೆ ಎಂದ. ಹುಲ್ಲು ಸಾಗಿಸುವ ಗಾಡಿಯಲ್ಲಿ ಹಾಕಿಕೊಂಡು ಹೋದೆವು. ಆಸ್ಪತ್ರೆಗೆ ಎರಡು ತಿರುವು ಇರುವಾಗ ಅಕ್ಕನ ಕೈ ನನ್ನ ಕೈಯೊಳಗೆ ಸಡಿಲವಾಯಿತು. ಕುಳ್ಳಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ನನ್ನ ಕಡೆ ನೋಡಿದಳು. ಗಾಡಿಯವನಿಗೆ ನಾವಿಬ್ಬರೂ ಹೇಳಲಿಲ್ಲ. ಅವನು ಹಾರನ್ ಒತ್ತುತ್ತಾ ಜೋರಾಗಿ ಓಡಿಸುತ್ತಲೇ ಇದ್ದ.

ಆಸ್ಪತ್ರೆಯವರು ಹೆಣವನ್ನು ಒಳಗೆ ಇಟ್ಟುಕೊಂಡರು. ಪೊಲೀಸಿನ ಕಾಗದ ಬಂದ ಮೇಲೆ ಕೊಡುತ್ತೇವೆ ಎಂದರು. ಪೊಲೀಸಿನವರು ಕ್ಲಬ್ಬಿನ ಹೇಳಿಕೆ ಬೇಕು ಎಂದರು. ಕ್ಲಬ್ಬಿನ ಹೇಳಿಕೆ ಆಗಲೇ ಟೈಪ್ ಆಗಿತ್ತು. ‘ನೀರು ಕದಿಯಲು ಗೋಡೆ ಹಾರುವಾಗ ಕಾಲು ಜಾರಿ ತಲೆ ಕೆಳಗಾಗಿ ಬಿದ್ದು ಸತ್ತಳು.’ ಕೆಳಗೆ ಎರಡು ಸಹಿಗೆ ಜಾಗ. ಒಂದು ಗಂಡನದು. ಇನ್ನೊಂದು ಕಣ್ಣಾರೆ ಕಂಡವರದು. ಕಂಡವಳು ನಾನು ಎಂದು ಅವರೇ ತೀರ್ಮಾನಿಸಿದ್ದರು.

ಶುಕ್ರವಾರ ಸೆಕ್ರೆಟರಿ ತನ್ನ ಕೋಣೆಗೆ ಕರೆಸಿದ. ಕೂರು ಎಂದ. ಹನ್ನೆರಡು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಮೊದಲ ಸಲ ಕೂತದ್ದು.

“ನಿಮ್ಮಕ್ಕ ಅಂತ ನಮಗೇನು ಗೊತ್ತಮ್ಮ? ಗೊತ್ತಿದ್ರೆ ಹೀಗಾಗ್ತಿತ್ತಾ?”

“ಬೇರೆ ಯಾರಾದ್ರೂ ಆಗಿದ್ರೆ ಹೊಡೀಬಹುದಿತ್ತಾ ಸಾರ್?”

ಅವನು ಕಾಗದವನ್ನು ನನ್ನ ಕಡೆ ಸರಿಸಿದ. “ಆಗಿದ್ದು ಆಗಿ ಹೋಯ್ತು. ಸಹಿ ಹಾಕು. ಒಂದು ಗಂಟೇಲಿ ಹೆಣ ಮನೆಗೆ ಬರೋ ಹಾಗೆ ಮಾಡ್ತೀನಿ. ನಿನ್ನನ್ನ ಪರ್ಮನೆಂಟ್ ಮಾಡ್ತೀನಿ. ಭಾನುವಾರ ಪಂದ್ಯಕ್ಕೆ ಮುಂಚೆ ಮೈದಾನದ ಮಧ್ಯೆ ನಿನಗೆ ಸನ್ಮಾನ. ನಿಷ್ಠೆಗೆ. ಅಂಕಣದ ಸಾಹೇಬ್ರೇ ಹೇಳಿದ್ದು. ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಸುಮ್ನೆ ಹೇಳಿಲ್ಲ.”

ನನ್ನ ಕೈ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಕಪ್ಪಗೆ ಇದ್ದದ್ದು ಕೆಸರಲ್ಲ.

“ಯೋಚನೆ ಮಾಡ್ತೀನಿ ಸಾರ್.”

“ಮಾಡು. ಆದ್ರೆ ಹೆಣ ಯೋಚನೆ ಮಾಡಲ್ಲಮ್ಮ. ಅಲ್ಲಿ ಕರೆಂಟ್ ಬೇರೆ ಹೋಗಿ ಬಂದು ಮಾಡ್ತಿದೆ.”

ಮನೆಗೆ ಬಂದರೆ ಭಾವ ಬಾಗಿಲಲ್ಲಿ ಕೂತಿದ್ದ. ಅವನು ಬೆಳಿಗ್ಗೆಯೇ ಸಹಿ ಹಾಕಿದ್ದ.

“ನನ್ನನ್ನ ಹಾಗೆ ನೋಡ್ಬೇಡ,” ಎಂದ. “ಹೋಗಿದ್ದೆ. ನೋಡ್ದೆ. ಹೊಟ್ಟೆ ಊದಿಕೊಂಡಿದೆ. ಇನ್ನೆರಡು ದಿನ ಬಿಟ್ರೆ ಗುರುತು ಸಿಗಲ್ಲ. ನನಗೆ ನನ್ನ ಹೆಂಡ್ತಿ ಮುಖ ಒಂದ್ಸಲ ಸರಿಯಾಗಿ ನೋಡ್ಬೇಕು, ಅಷ್ಟೇ. ಬಿದ್ಲು ಅಂತ ಬರೆದ್ರೇನು, ಬಿಟ್ರೇನು? ಹೋದೋಳು ಬರ್ತಾಳಾ?”

“ಕಳ್ಳಿ ಅಂತ ಬರೆದಿದ್ದಾರೆ ಭಾವ.”

“ಹಿಡ್ಕೊಟ್ಟೋಳು ನೀನೇ ಅಲ್ವಾ?”

ಅವನು ಹಾಗೆ ಹೇಳಿ ತಾನೇ ಬೆಚ್ಚಿಬಿದ್ದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ನಾನು ಅಳಲಿಲ್ಲ. ಮೂಲೆಯಲ್ಲಿದ್ದ ನೆಗ್ಗಿದ ಬಿಂದಿಗೆಯನ್ನು ಒಳಗಿನಿಂದ ಮುಷ್ಟಿಯಿಂದ ಗುದ್ದಿ ಸರಿಮಾಡಲು ನೋಡಿದೆ. ತಾಮ್ರವಾಗಿದ್ದರೆ ಬರುತ್ತಿತ್ತು. ಕಬ್ಬಿಣದ ತಗಡು, ಬರಲಿಲ್ಲ.

ಆ ಎರಡು ದಿನವೂ ಪಿಚ್ಚಿನ ಕೆಲಸ ಮಾಡಿದೆ. ಯಾಕೆ ಎಂದು ಕುಳ್ಳಿ ಕೇಳಿದಳು. ಕೈ ಸುಮ್ಮನಿದ್ದರೆ ಯಾರನ್ನಾದರೂ ಕೊಂದುಬಿಡುತ್ತೇನೆ ಎಂದೆ. ಶನಿವಾರ ಸಂಜೆಗೆ ಪಿಚ್ಚು ಕಲ್ಲಾಯಿತು. ಹೊರಗಿನ ತಂಡದ ನಾಯಕ ಬಂದು ಬ್ಯಾಟಿನ ತುದಿಯಿಂದ ಕುಟ್ಟಿ, ಹೆಬ್ಬೆರಳು ಎತ್ತಿ ತೋರಿಸಿ ಹೋದ. ಅಷ್ಟು ಒಳ್ಳೆಯ ಪಿಚ್ಚನ್ನು ನಾನು ಯಾವತ್ತೂ ಕಟ್ಟಿರಲಿಲ್ಲ. ಮಾರನೆಯ ದಿನ ಸಹಿ ಹಾಕುವುದು ಎಂದು ಮನಸ್ಸು ಗಟ್ಟಿಮಾಡಿಕೊಂಡೆ. ಸುಳ್ಳೋ ನಿಜವೋ, ಅಕ್ಕನನ್ನು ಆ ಕೋಣೆಯಿಂದ ಹೊರಗೆ ತರಬೇಕು. ಭಾವ ಹೇಳಿದ್ದು ಸರಿ ಎನಿಸಿತು.

ಭಾನುವಾರ ಬೆಳಿಗ್ಗೆ ಶೆಡ್ಡಿಗೆ ಬಂದಾಗ ಕುಳ್ಳಿ ಪೇಪರ್ ಹಿಡಿದು ನಿಂತಿದ್ದಳು. ಅವಳಿಗೆ ಓದಲು ಬಾರದು. “ಏ ಡಾಕ್ಟ್ರೇ, ಇದರಲ್ಲಿ ನಿನ್ನ ಫೋಟೋ ಹಾಕಿದ್ದಾರೆ ಕಣೇ,” ಎಂದಳು.

ಅಂಕಣದ ಸಾಹೇಬರ ಅರ್ಧ ಪುಟ. ಮೊದಲು ಬರ: ‘ಬರ ನಮಗೆ ಶಿಸ್ತು ಕಲಿಸುತ್ತದೆ. ಒಂದು ಲೋಟ ನೀರಿನ ಬೆಲೆ ತಿಳಿದವನೇ ನಿಜವಾದ ನಾಗರಿಕ.’ ಆಮೇಲೆ ಬೇಳೆಯ ಧಾರಣೆ. ಆಮೇಲೆ ಅವರು ಹೋದ ವಾರ ನೋಡಿಬಂದ ಒಂದು ಸರೋವರ, ಅದರಲ್ಲಿ ದೋಣಿ, ದಡದ ಹೋಟೆಲಿನಲ್ಲಿ ಸಿಗುವ ಮೆತ್ತನೆಯ ಹಾಸಿಗೆ. ಕೊನೆಗೆ ಆಟ. ಅದರೊಳಗೆ ನಾನು.

‘ನಮ್ಮ ಮೈದಾನದ ಹಸಿರಿನ ಹಿಂದೆ ಒಬ್ಬ ಬಡ ಹೆಂಗಸಿನ ನಿಷ್ಠೆ ಇದೆ. ನೀರುಗಳ್ಳರನ್ನು ಪತ್ತೆ ಹಚ್ಚಿದಾಗ, ಕಳ್ಳಿ ತನ್ನ ಸ್ವಂತ ಅಕ್ಕ ಎಂದು ತಿಳಿದೂ ಆಕೆ ಹಿಂಜರಿಯಲಿಲ್ಲ. ಅಕ್ಕ ಗೋಡೆಯಿಂದ ಜಾರಿ ಬಿದ್ದು ತೀರಿಕೊಂಡದ್ದು ವಿಷಾದದ ಸಂಗತಿ. ಆದರೆ ರಕ್ತಕ್ಕಿಂತ ಕರ್ತವ್ಯ ದೊಡ್ಡದು ಎಂದು ತೋರಿಸಿದ ಈ ತಂಗಿ ಬರಗಾಲದ ನಿಜವಾದ ನಾಯಕಿ.’

ಕುಳ್ಳಿಗೆ ಜೋರಾಗಿ ಓದಿ ಹೇಳುತ್ತಿದ್ದವಳು ‘ತಿಳಿದೂ’ ಎಂಬಲ್ಲಿ ನಿಂತೆ. ಇನ್ನೊಮ್ಮೆ ಓದಿದೆ. ಅಕ್ಕ ಎಂದು ತಿಳಿದೂ ಹಿಡಿದುಕೊಟ್ಟಳಂತೆ. ನಾನು ಸಹಿ ಹಾಕಿದರೆ ಇದೇ ನಿಜವಾಗುತ್ತದೆ. ನಾಳೆ ಓಣಿಯಲ್ಲಿ ಇದನ್ನು ಓದುತ್ತಾರೆ, ಓದಲು ಬಾರದವರು ಓದಿಸಿಕೊಂಡು ಕೇಳುತ್ತಾರೆ. ಅಕ್ಕ ಜಾರಿದವಳು, ನಾನು ನಾಯಕಿ. ಮೀಸೆ ಯಾರೂ ಅಲ್ಲ, ಅವನ ಲಾಠಿ ಎಲ್ಲೂ ಇಲ್ಲ.

ಕೊಲ್ಲುವುದಕ್ಕೆ ಮೂರು ಜನ ಬೇಕಾಯಿತು. ಅಳಿಸುವುದಕ್ಕೆ ಒಂದು ಪೆನ್ನು ಸಾಕಾಯಿತು.

“ಹಾರೆ ಎಲ್ಲಿದೆ?” ಎಂದು ಕುಳ್ಳಿಯನ್ನು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಮೂಲೆಯಿಂದ ಎರಡು ಹಾರೆ ತಂದಳು.

“ಎರಡು ಯಾಕೆ?”

“ನಿನ್ನ ಒಬ್ಬಳ ಕೈಲಿ ಆಗಲ್ಲ. ಅಷ್ಟು ಗಟ್ಟಿ ಮಾಡಿದ್ದೀವಿ.”

ಸನ್ಮಾನಕ್ಕೆಂದು ಕ್ಲಬ್ಬಿನವರು ಹೊಸ ಹಸಿರು ಕೋಟು ಕೊಟ್ಟಿದ್ದರು. ಅದನ್ನೇ ಹಾಕಿಕೊಂಡು ಹೊರಟೆ. ಒಂಬತ್ತು ಗಂಟೆ. ಜನ ತುಂಬಿದ್ದರು. ಬ್ಯಾಂಡು ಬಾರಿಸುತ್ತಿತ್ತು. ನಾವಿಬ್ಬರು ಹಾರೆ ಹೊತ್ತು ಇಪ್ಪತ್ತು ಸಾವಿರ ಜನರ ಎದುರಿಗೆ ಮೈದಾನದ ಮಧ್ಯಕ್ಕೆ ನಡೆದುಹೋದೆವು. ಯಾರೂ ತಡೆಯಲಿಲ್ಲ. ನಾವು ಬಗ್ಗಿ ಕೆಲಸ ಮಾಡುವವರು. ಬಗ್ಗಿದವರು ಯಾರಿಗೂ ಕಾಣುವುದಿಲ್ಲ.

ಮೊದಲ ಏಟಿಗೆ ಹಾರೆ ಠಣ್ ಎಂದು ಹಿಂದಕ್ಕೆ ಚಿಮ್ಮಿತು. ಅಂಗೈ ಝುಮ್ಮೆಂದಿತು. ಎರಡನೇ ಏಟಿಗೆ ಬಿಳಿ ಗೀರು ಮೂಡಿತು, ಅಷ್ಟೇ. ನಾನು ಕಟ್ಟಿದ್ದು ನನಗೇ ಎದುರು ನಿಂತಿತು. ಆದರೆ ನಾನು ಅದರ ಡಾಕ್ಟರು. ಒಣಗಿದ ಜೇಡಿಮಣ್ಣಿನಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಎಲ್ಲಿವೆ ಎಂದು ನನಗೆ ಗೊತ್ತು. ಅಲ್ಲಿ ಹಾರೆಯ ಮೂತಿ ಇಟ್ಟು ಮೈಭಾರ ಹಾಕಿದೆ. ಇಟ್ಟಿಗೆಯಷ್ಟು ದಪ್ಪದ ಹೆಂಟೆ ಎದ್ದು ಬಂತು. ಒಂದು ಎದ್ದ ಮೇಲೆ ಪಕ್ಕದ್ದಕ್ಕೆ ಆಸರೆ ಇಲ್ಲ. ಎರಡು, ಮೂರು, ನಾಲ್ಕು. ಕುಳ್ಳಿ ಆ ತುದಿಯಿಂದ ಅಗೆಯುತ್ತಾ ಬಂದಳು. ಎದುರಿನ ಗ್ಯಾಲರಿಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಕೊನೆ ಘಳಿಗೆಯ ಸಿದ್ಧತೆ ಎಂದುಕೊಂಡಿರಬೇಕು.

ಮೊದಲು ಅರ್ಥವಾದದ್ದು ಅಂಪೈರಿಗೆ. ಅವರು ಟೋಪಿ ಹಿಡಿದುಕೊಂಡು ಓಡಿ ಬಂದರು. ಅವರ ಹಿಂದೆ ಸೆಕ್ರೆಟರಿ. ಅವನ ಮುಂದೆ ಮೀಸೆ.

“ಏ ಮುಂಡೆ, ಬಿಡು ಹಾರೆ,” ಎಂದು ಮೀಸೆ ಲಾಠಿ ಎತ್ತಿದ.

ನಾನು ಹಾರೆ ಬಿಡಲಿಲ್ಲ. ಅಡ್ಡಡ್ಡ ಬೀಸಿದೆ. ಮೊಣಕಾಲಿನ ಕೆಳಗೆ ಬಿತ್ತು. ಮೂಳೆಗೆ ಬಿದ್ದ ಸದ್ದು. ಆ ಸದ್ದು ನನಗೆ ಗುರುವಾರದಿಂದ ಗೊತ್ತು. ಅವನು ತಾಯಿಯನ್ನು ಕರೆದು ಕುಸಿದ. ನನಗೆ ಕರುಣೆ ಬರಲಿಲ್ಲ. ಈಗಲೂ ಬಂದಿಲ್ಲ.

ಉಳಿದಿಬ್ಬರು ನನ್ನ ಮೇಲೆ ಬಿದ್ದರು. ಬೆನ್ನು, ಪಕ್ಕೆ, ಭುಜ. ಹಗ್ಗ ಉಜ್ಜಿದ ಹೆಗಲಿನ ಮೇಲೆ ಬಿದ್ದ ಏಟು ಗೊತ್ತೇ ಆಗಲಿಲ್ಲ. ಬಾಯಿಗೆ ಬಿದ್ದ ಏಟಿಗೆ ಹಲ್ಲು ಅಲುಗಾಡಿತು. ನಾನು ಬಗ್ಗಿ ಇನ್ನೊಂದು ಹೆಂಟೆಯ ಸಂದಿಗೆ ಬೆರಳು ಹಾಕಿ ಎಳೆಯುತ್ತಿದ್ದೆ. ಆ ಕೈಯ ಮೇಲೆ ಲಾಠಿ ಬಿತ್ತು. ಕೆಳಗೆ ಕಲ್ಲಿನಂಥ ಮಣ್ಣು, ಮೇಲೆ ಲಾಠಿ, ನಡುವೆ ನನ್ನ ಬಲಗೈ. ಕಣ್ಣು ಕತ್ತಲೆ ಬಂತು. ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡೆ.

“ಕೈಗೆ ಹೊಡೀಬೇಡ್ರೋ,” ಎಂದು ಸೆಕ್ರೆಟರಿ ಅರಚಿದ. “ಯಾವನಾದ್ರೂ ಅವಳ ಕೈಗೆ ಹೊಡೆದ್ರೆ ಚರ್ಮ ಸುಲೀತೀನಿ.”

ಏಟು ನಿಂತವು. ಅವನು ಯಾಕೆ ಹಾಗೆ ಅರಚಿದ ಎಂದು ಮರುಕ್ಷಣ ತಿಳಿಯಿತು. ಅಂಪೈರು ಗಡಿಯಾರ ನೋಡುತ್ತಿದ್ದರು. “ಎರಡು ಗಂಟೆ ಟೈಮ್ ಕೊಡ್ತೀನಿ. ಸರಿಮಾಡಿಸಿ. ಇಲ್ಲಾಂದ್ರೆ ಪಂದ್ಯ ರದ್ದು,” ಎಂದರು.

ಸೆಕ್ರೆಟರಿ ಕುಳ್ಳಿಯ ಕಡೆ ತಿರುಗಿದ. “ನೀನು ಮಾಡ್ತೀಯಾ?”

“ನನಗೇನು ಗೊತ್ತು ಸಾರ್? ನಾನು ಹಗ್ಗ ಎಳೆಯೋ ಎತ್ತು. ಡಾಕ್ಟ್ರು ಅವಳು,” ಎಂದಳು ಕುಳ್ಳಿ. ಅವಳಿಗೂ ಏಟು ಬಿದ್ದು ಹುಬ್ಬಿನಿಂದ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ನನಗೆ ಗೊತ್ತಿದ್ದರಲ್ಲಿ ಅರ್ಧ ಅವಳಿಗೂ ಗೊತ್ತಿತ್ತು.

ಗ್ಯಾಲರಿಯಿಂದ ಬಾಟಲಿಗಳು ಬೀಳತೊಡಗಿದವು. ಸೆಕ್ರೆಟರಿ ನನ್ನ ಎದುರು ಮಂಡಿಯೂರಿದ. ಬಿಳಿ ಪ್ಯಾಂಟು ಮಣ್ಣಾಯಿತು.

“ನೋಡಮ್ಮ, ತಪ್ಪಾಯ್ತು. ಏನು ಬೇಕು ಹೇಳು. ಹೆಣ ಈಗಲೇ ತರಿಸ್ತೀನಿ. ಫೋನ್ ಮಾಡ್ತೀನಿ, ನಿನ್ನ ಎದುರಿಗೇ.”

“ಮಾಡಿ.”

ಮಾಡಿದ. ಆಸ್ಪತ್ರೆಯವರ ಜೊತೆ, ಆಮೇಲೆ ಪೊಲೀಸಿನವರ ಜೊತೆ ಮಾತಾಡಿದ. ಮೂರು ದಿನದಿಂದ ಆಗದ್ದು ಮೂರು ನಿಮಿಷದಲ್ಲಿ ಆಯಿತು. ಗಾಡಿ ಹೊರಟಿತು ಎಂದ. ಸನ್ಮಾನ ನೋಡಲೆಂದು ಕರೆಸಿ ಕೂರಿಸಿದ್ದ ಭಾವ ಅಷ್ಟರಲ್ಲಿ ಬೌಂಡರಿಯ ಹಗ್ಗ ದಾಟಿ ಓಡಿ ಬಂದಿದ್ದ. ಸೆಕ್ರೆಟರಿ ಅವನಿಗೆ ಫೋನ್ ಕೊಟ್ಟು ಕೇಳಿಸಿದ. ಭಾವ ಹೌದು ಎಂದು ತಲೆಯಾಡಿಸಿದ.

“ಈಗ ಕಾಗದ,” ಎಂದೆ.

“ಹರಿದು ಹಾಕ್ತೀನಿ.”

“ಹರಿದ್ರೆ ಸಾಲ್ದು. ಬೇರೆ ಬರೀಬೇಕು. ಅವರನ್ನ ಕರೀರಿ. ಬರೆಯೋರನ್ನ.”

ಅಂಕಣದ ಸಾಹೇಬರನ್ನು ಜಗುಲಿಯಿಂದ ಕರೆತಂದರು. ಬಿಸಿಲಿನಲ್ಲಿ ನಿಂತು ಅವರಿಗೆ ಅಭ್ಯಾಸವಿರಲಿಲ್ಲ. ಕರವಸ್ತ್ರ ತಲೆಗೆ ಹಾಕಿಕೊಂಡಿದ್ದರು.

“ಬರೀರಿ ಸಾರ್,” ಎಂದೆ.

“ಏನಂತ ಬರೀಲಮ್ಮ?”

“ಗುರುವಾರ ಮಧ್ಯಾಹ್ನ ಒಂದೂವರೆ ಗಂಟೆಗೆ, ಒಂದು ಬಿಂದಿಗೆ ನೀರಿಗೆ, ಈ ಮೈದಾನದ ಕಾವಲಿನ ಮೂರು ಜನ ನನ್ನ ಅಕ್ಕನನ್ನ ಲಾಠೀಲಿ ಹೊಡೆದು ಕೊಂದ್ರು.”

ಅವರು ಪೆನ್ನು ತೆಗೆದು ಸೆಕ್ರೆಟರಿಯ ಕಡೆ ನೋಡಿದರು. “ಬರೀರಿ ಸಾರ್, ಏನೋ ಒಂದು ಬರೀರಿ,” ಎಂದು ಅವನು ಹಲ್ಲು ಕಚ್ಚಿದ. ಕಾಗದವಲ್ಲವೇ, ನಾಳೆ ಹರಿದರಾಯಿತು ಎಂದು ಅವನ ಲೆಕ್ಕ. ಸಾಹೇಬರು ಒಂದು ಸಾಲು ಬರೆದು ನಿಂತರು.

“‘ಹಲ್ಲೆಯಿಂದ ಮೃತಪಟ್ಟರು’ ಅಂತ ಹಾಕಿದ್ದೀನಿ. ಭಾಷೆ ಸ್ವಲ್ಪ...”

“ಕೊಂದ್ರು ಅಂತ ಬರೀರಿ.”

ಹೊಡೆದುಹಾಕಿ ಬರೆದರು.

“ಇನ್ನೂ ಇದೆ. ಅವಳು ಕಳ್ಳಿ ಅಲ್ಲ. ಆ ನೀರು ಒಬ್ಬ ಬಾಣಂತಿ ಕುಡಿದ್ಲು, ನಾನೂ ಕುಡಿದೆ. ಬರೀರಿ. ಹಿಡಿದುಕೊಟ್ಟೋಳು ನಾನು. ಅಕ್ಕ ಅಂತ ಗೊತ್ತಿರ್ಲಿಲ್ಲ. ಬೇರೆಯೋರು ಅಂದ್ಕೊಂಡು ಹಿಡಿದುಕೊಟ್ಟೆ. ಏಟಿನ ಸದ್ದು ಕೇಳ್ತಾ ಊಟ ಮಾಡಿದೆ. ಅದನ್ನೂ ಬರೀರಿ.”

ಸಾಹೇಬರು ತಲೆ ಎತ್ತಿದರು. “ಇದು ಯಾಕಮ್ಮ? ಇದರಿಂದ ನಿನಗೇ...”

“ನಿಜ ಅಂದ್ಮೇಲೆ ಪೂರ್ತಿ ಇರ್ಲಿ ಸಾರ್. ನೀವು ಅರ್ಧರ್ಧ ಬರೀತೀರ.”

ಬರೆದು ಮುಗಿಸಿದರು. ಭಾವ ಮುಂದೆ ಬಂದು ಅವರ ಕೈಯಿಂದ ಪೆನ್ನು ಕಿತ್ತುಕೊಂಡು ಕೆಳಗೆ ತನ್ನ ಹೆಸರು ಬರೆದ. ನನ್ನ ಕಡೆ ನೋಡಲಿಲ್ಲ. ಆದರೆ ನನ್ನ ಪಕ್ಕಕ್ಕೆ ಬಂದು ನಿಂತ.

“ಆಯ್ತಲ್ಲ? ಇನ್ನು ಒಂದೂವರೆ ಗಂಟೆ ಇದೆ,” ಎಂದ ಸೆಕ್ರೆಟರಿ.

“ಮೈಕಿನಲ್ಲಿ ಓದ್ಬೇಕು. ಸಾಹೇಬ್ರೇ ಓದ್ಬೇಕು. ನಾನು ಓದಿದ್ರೆ ಹುಚ್ಚಿ ಅಂತಾರೆ.”

ಅವನ ಮುಖ ಕಪ್ಪಿಟ್ಟಿತು. ಕಾಗದ ಹರಿಯಬಹುದು, ಇಪ್ಪತ್ತು ಸಾವಿರ ಜನರ ಕಿವಿ ಹರಿಯಲಾಗುವುದಿಲ್ಲ. ಗ್ಯಾಲರಿಯ ಒಂದು ಕಡೆ ಕುರ್ಚಿಗಳಿಗೆ ಬೆಂಕಿ ಹಚ್ಚಿದ್ದರು. ಹೊರಗಿನ ತಂಡದವರು ತಮ್ಮ ಚೀಲಗಳನ್ನು ಬಸ್ಸಿಗೆ ಸಾಗಿಸತೊಡಗಿದ್ದರು. ಅಂಪೈರು ಮತ್ತೆ ಗಡಿಯಾರ ನೋಡಿದರು. ಸೆಕ್ರೆಟರಿ ಅಂಕಣದ ಸಾಹೇಬರಿಗೆ ಓದಿ ಎಂದು ಕಣ್ಸನ್ನೆ ಮಾಡಿದ.

ಬಹುಮಾನ ಕೊಡಲು ತಂದಿಟ್ಟಿದ್ದ ಮೈಕಿನ ಮುಂದೆ ನಿಂತು ಅವರು ಓದಿದರು. ಓದಲು ಒಳ್ಳೆಯ ಧ್ವನಿ. ‘ಕೊಂದರು’ ಎಂಬ ಮಾತು ಮೈದಾನದ ನಾಲ್ಕೂ ಗೋಡೆಗೆ ಬಡಿದು ಮತ್ತೆ ಬಂತು. ಗದ್ದಲ ಮೆಲ್ಲಗೆ ಇಳಿಯಿತು. ಗೋಡೆಯಾಚೆ ಓಣಿಯ ಮಹಡಿಗಳ ಮೇಲೆ, ಪುಕ್ಕಟೆ ಆಟ ನೋಡಲು ಹತ್ತಿದ್ದ ನಮ್ಮ ಜನ ಒಬ್ಬೊಬ್ಬರಾಗಿ ಎದ್ದು ನಿಂತರು. ನಾನು ಊಟ ಮಾಡುತ್ತಿದ್ದ ಸಾಲಿಗೆ ಬಂದಾಗ ಸಾಹೇಬರ ಧ್ವನಿ ಒಡೆಯಿತು. ಆದರೂ ಓದಿದರು. ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಬೇಕೆನಿಸಿತು, ಕುಳ್ಳಿ ನನ್ನ ಗದ್ದಕ್ಕೆ ಕೈ ಕೊಟ್ಟು ಹಿಡಿದುಕೊಂಡಳು.

ಓದಿ ಮುಗಿಯಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಸೆಕ್ರೆಟರಿ ನನ್ನ ಹತ್ತಿರ ಬಂದು ಹಲ್ಲಿನ ಸಂದಿಯಿಂದ ಹೇಳಿದ. “ಎಲ್ಲಾ ಆಯ್ತಲ್ಲ. ಹಿಡಿ ಕೆಲಸ.”

ನಾನು ಜೇಬಿನಿಂದ ಬಲಗೈ ತೆಗೆದು ಅವನ ಮುಂದೆ ಹಿಡಿದೆ. ಮೂರು ಬೆರಳು ಹಿಂದಕ್ಕೆ ಮಡಚಿಕೊಂಡಿದ್ದವು. ಹೆಬ್ಬೆರಳು ಊದಿ ಕಪ್ಪಾಗಿ, ಉಗುರು ಕಿತ್ತು ಬಂದಿತ್ತು.

“ನಿಮ್ಮೋರೇ ಮುರಿದಿದ್ದು ಸಾರ್,” ಎಂದೆ. “ಇದನ್ನೂ ಬರೆಸ್ಬೇಕಿತ್ತು. ಮರೆತೆ.”